ಎರಡು ಗೀಟುಗಳ ನಡುವೆ

ಶಹಾಪುರದ ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಯಾದಗಿರಿಯ ಕಡೆ ತಿರುಗಬೇಕಾದಲ್ಲಿ ದೇವಕ್ಕ ಕಾರನ್ನು ಸುರಪುರದ ಕಡೆ ತಿರುಗಿಸಿದಳು. ತಿರುಗಿಸುವಾಗ ಪಕ್ಕದ ಸೀಟಿನ ಕಡೆ ನೋಡಬಾರದೆಂದು ಬೆಳಗಿನಿಂದ ಮನಸ್ಸಿಗೆ ಹೇಳಿಕೊಳ್ಳುತ್ತ ಬಂದಿದ್ದಳು, ಆದರೂ ನೋಡಿದಳು. ಗಂಡ ಮಲ್ಲಣ್ಣನ ಎದೆಯನ್ನು ಅವನದೇ ಹಳೆಯ ಧೋತರದಿಂದ ಸೀಟಿಗೆ ಬಿಗಿದು ಕಟ್ಟಿದ್ದಳು. ತಿರುವಿನ ರಭಸಕ್ಕೆ ಅವನ ತಲೆ ವಾಲಿ ಕಿಟಕಿಯ ಗಾಜಿಗೆ ತಾಗಿ ಅಲ್ಲೇ ನಿಂತಿತು. ಕಣ್ಣು ತೆರೆದೇ ಇದ್ದವು. ಹಿಂದೆ ಸರಿದುಹೋಗುತ್ತಿದ್ದ ಕಾಳಿನ ಅಂಗಡಿಗಳನ್ನು ನೋಡುತ್ತಿವೆಯೋ, ಸುಮ್ಮನೆ ತೆರೆದಿವೆಯೋ ತಿಳಿಯುವಂತಿರಲಿಲ್ಲ. ಬೆಳಿಗ್ಗೆ ಮೈ ಒರೆಸುವಾಗ, "ಯಾದಗಿರಿಗೆ ಹೋಗೂಣ್ರಿ, ಅಲ್ಲಿ ಹೊಸಾ ಡಾಕ್ಟರ್ ಬಂದಾನಂತ" ಎಂದು ಅವನ ಕಿವಿಯ ಹತ್ತಿರ ಬಾಗಿ ಹೇಳಿದ್ದಳು. ಯಾಕೆ ಹೇಳಿದೆ ಎಂದು ಈಗ ಕೇಳಿಕೊಂಡಳು. ಏನೂ ತಿಳಿಯದವನಿಗೆ ಸುಳ್ಳು ಹೇಳುವ ಅಗತ್ಯವೇನಿತ್ತು? ಅವನಿಗೆ ಏನೂ ತಿಳಿಯುವುದಿಲ್ಲ ಎಂಬ ಮಾತನ್ನು ನಂಬಿಯೇ ಅಲ್ಲವೇ ಅವಳು ಅವನನ್ನು ರಂಗಂಪೇಟೆಯಲ್ಲಿದ್ದ ಅವನ ಅಕ್ಕನ ಮನೆಗೆ ಬಿಟ್ಟುಬರಲು ಹೊರಟದ್ದು? ಕಲಬುರಗಿಯ ಡಾಕ್ಟರು ಹೇಳಿದ್ದು ಬೇರೆ. "ಜೀವ ಉಳದಾದ. ಒಳಗ ಎಷ್ಟು ಉಳದಾದ ಅಂತ ಹೇಳಾಕ ನಮಗೂ ಬರಂಗಿಲ್ಲ" ಎಂದಿದ್ದರು. ಎರಡನೆಯ ಮಾತು ದಿನ ಕಳೆದಂತೆ ಅವಳ ಬಾಯಲ್ಲಿ ಸಣ್ಣಗಾಗುತ್ತ ಬಂದು, ನೋಡಲು ಬಂದವರಿಗೆ ಹೇಳಿ ಹೇಳಿ, "ಒಳಗ ಏನೂ ಉಳದಿಲ್ರಿ" ಎಂದಾಗಿತ್ತು.

ಯುಗಾದಿಗೆ ಮುಂಚೆ ಹತ್ತಿ ಅಡತಿ ಅಂಗಡಿಯ ಗಾದಿಯ ಮೇಲೆ ಕೂತಲ್ಲೇ ಬಿದ್ದವನು ಅವನು. ಕುತ್ತಿಗೆಯ ಕೆಳಗೆ ಎಲ್ಲವೂ ಹೋಗಿತ್ತು. ಮಾತೂ ಹೋಗಿತ್ತು. ಉಳಿದದ್ದು ಗಂಟಲ ಆಳದಿಂದ ಬರುವ ಒಂದೇ ಸದ್ದು, "ಊಂ". ಹಸಿದಾಗಲೂ ಅದೇ, ನೊಣ ಕೂತಾಗಲೂ ಅದೇ, ಯಾವ ಕಾರಣವೂ ಇಲ್ಲದಾಗಲೂ ಅದೇ. ಮೊದಮೊದಲು ಅವಳು ಓಡಿ ಬರುತ್ತಿದ್ದಳು. ಆಮೇಲೆ ನಡೆದು ಬರತೊಡಗಿದಳು. ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಕಂಬಕ್ಕೆ ಒರಗಿ ಕೂತು, ಅದು ತಾನಾಗಿ ನಿಲ್ಲುತ್ತದೋ ಇಲ್ಲವೋ ನೋಡೋಣ ಎಂದು ಕೇಳುತ್ತ ಕೂತುಬಿಟ್ಟಿದ್ದಳು. ನಿಂತಿತು. ನಿಂತ ಮೇಲೆ ಎದ್ದು ಹೋಗಿ ನೋಡಿದರೆ ಮೂಗಿನ ಹೊಳ್ಳೆಯ ಹತ್ತಿರ ಇರುವೆಗಳು ಹತ್ತಿದ್ದವು. ಬೆಳಿಗ್ಗೆ ಬಾಯಿ ಒರೆಸುವಾಗ ಗಂಜಿ ಅಂಟಿಕೊಂಡು ಉಳಿದಿರಬೇಕು. ಅಂದು ಅವಳು ಅತ್ತಳು, ಅವನ ಮುಖ ತೊಳೆದಳು, ಸಂಜೆ ರಂಗಂಪೇಟೆಗೆ ಫೋನು ಮಾಡಿದಳು. "ನನ್ನ ಬೆನ್ನು ಹೋಗ್ಯಾದ ಅಕ್ಕಾ. ಎತ್ತಾಕ ಆಗವಲ್ದು." ಆ ಕಡೆಯಿಂದ ಗೊಲ್ಲಾಳಮ್ಮ, "ಕರಕೊಂಡು ಬಾ. ತಿಳವಳಿಕಿ ಇಲ್ಲದ ಜೀವಕ್ಕ ಯಾವ ಮನಿಯಾದ್ರೇನು" ಎಂದಿದ್ದಳು. ಸ್ವಲ್ಪ ದಿನದ ಮಟ್ಟಿಗೆ ಎಂದು ಇಬ್ಬರೂ ಹೇಳಿಕೊಂಡರು. ಸ್ವಲ್ಪ ದಿನ ಅಂದರೆ ಏನೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಮೋಟರ್ ಸೈಕಲ್ಲಿನ ಇಬ್ಬರು ಹುಡುಗರು ಕಾರಿನ ಸಮಕ್ಕೆ ಬಂದು ಕಿಟಕಿಯ ಹತ್ತಿರ ಬಾಗಿದರು. "ಅಕ್ಕಾ, ನಿನ್ ಗಾಡಿ ಬೀಡಿ ಸೇದಾಕತ್ತಾದ ನೋಡು!" ಎಂದು ಕೂಗಿ ನಗುತ್ತ ಮುಂದೆ ಹೋದರು. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಕಾಣುತ್ತಿರಲಿಲ್ಲ. ನೀಲಿ ಬೆರೆತ ಬಿಳಿ ಹೊಗೆ ದಟ್ಟವಾಗಿ ಹರಡಿತ್ತು. ಅದಕ್ಕೂ ಮೊದಲೇ ಮೂಗಿಗೆ ಸುಟ್ಟ ವಾಸನೆ ಬಡಿದಿತ್ತು, ಆದರೆ ಯಾವುದೋ ಹೊಲದಲ್ಲಿ ಕಸಕ್ಕೆ ಬೆಂಕಿ ಹಾಕಿರಬೇಕೆಂದು ಅವಳು ಅಂದುಕೊಂಡಿದ್ದಳು. ಸ್ಟೇರಿಂಗಿನ ಮುಂದೆ ಕೆಂಪು ದೀಪವೊಂದು ಹತ್ತಿತು, ಆರಿತು, ಮತ್ತೆ ಹತ್ತಿತು. ಡ್ರೈವಿಂಗ್ ಕಲಿಸಿದ ಬಾಷುಮಿಯಾ ಕ್ಲಚ್ಚು, ಗೇರು, ಬ್ರೇಕುಗಳ ಬಗ್ಗೆ ಹೇಳಿದ್ದನೇ ಹೊರತು ಈ ಕೆಂಪು ದೀಪದ ಬಗ್ಗೆ ಹೇಳಿರಲಿಲ್ಲ. ಹತ್ತಿಗೂಡೂರ ಕ್ರಾಸ್ ಹಿಂದೆ ಉಳಿದಿತ್ತು. ಎರಡೂ ಕಡೆ ನೀರು ನಿಂತ ಭತ್ತದ ಗದ್ದೆ. ಕಾಲುವೆಯ ಸೇತುವೆ ಏರುವ ದಿಬ್ಬದಲ್ಲಿ ಎಂಜಿನ್ನು ಏದುಸಿರು ಬಿಟ್ಟಂತಾಯಿತು. ದೇವಕ್ಕ ಕಾರನ್ನು ಅಲ್ಲೇ ಬದಿಗೆ ನಿಲ್ಲಿಸಿ ಕೀಲಿ ತಿರುವಿದಳು. ಒಮ್ಮೆಗೇ ಬಿದ್ದ ಮೌನದಲ್ಲಿ ಕಾಲುವೆಯ ನೀರು ಹರಿಯುವ ಸದ್ದು ಕೇಳಿತು.

ಬಾನೆಟ್ಟು ತೆರೆಯುವಾಗ ಅವಳ ಕೈ ಒಂದು ಕ್ಷಣ ಹಿಂಜರಿಯಿತು. ಹದಿನೈದಿಪ್ಪತ್ತು ವರ್ಷದ ಸಂಸಾರದಲ್ಲಿ ಇವತ್ತಿನ ಬೆಳಗಿನ ತನಕ ಈ ಬಾನೆಟ್ಟಿಗೆ ಅವಳು ಕೈ ಹಚ್ಚಿದ್ದಿಲ್ಲ. ಶುಕ್ರವಾರ ಬೆಳಿಗ್ಗೆ ಮಲ್ಲಣ್ಣನೇ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಮಗುವಿನ ಕಿವಿ ಒರೆಸಿದ ಹಾಗೆ ಅದನ್ನು ಒರೆಸುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಬಕೆಟ್ಟು ಹಿಡಿದು ನಿಂತವಳು ಒಮ್ಮೆ ಒಳಗೆ ಇಣುಕಿದಾಗ, "ಹಿಂದ ಸರಿ, ಸೆರಗು ಸಿಕ್ಕೊಂಡೀತು" ಎಂದಿದ್ದ. ಆ ದನಿಯಲ್ಲಿ ಸೆರಗಿನ ಚಿಂತೆ ಇರಲಿಲ್ಲ. ಇನ್ನೊಮ್ಮೆ ಕೆಂಭಾವಿಯ ಮದುವೆಯಿಂದ ಬರುವಾಗ ಅವಳು ಬಾಗಿಲನ್ನು ಜೋರಾಗಿ ಹಾಕಿದಳೆಂದು ಏನೂ ಮಾತಾಡದೆ ಅವಳನ್ನು ಇಳಿಸಿ ಹೊರಟುಹೋಗಿದ್ದ. ರೇಷ್ಮೆ ಸೀರೆ ಉಟ್ಟು, ತಾಂಬೂಲದ ಚೀಲ ಹಿಡಿದು, ಲಾರಿಯವರು ನೋಡುತ್ತ ಹೋಗುವ ರಸ್ತೆಯ ಮೇಲೆ ಅವಳು ನಿಂತಿದ್ದಳು. ಮರಳಿ ಬಂದಾಗ ನಗುತ್ತಿದ್ದ. "ಈಗ ಹಾಕು ನೋಡೂಣು ಬಾಗಲಾ" ಎಂದಿದ್ದ. ಅವಳು ಮೆಲ್ಲಗೆ ಹಾಕಿದ್ದಳು. ಇವತ್ತು ಬೆಳಿಗ್ಗೆ, ದೂರ ಹೋಗುವ ಮುಂಚೆ ಆಯಿಲ್ ನೋಡಬೇಕೆಂದು ಬಾಷುಮಿಯಾ ಎಂದೋ ಹೇಳಿದ್ದು ನೆನಪಾಗಿ, ಕಾರನ್ನು ಶೆಡ್ಡಿನಿಂದ ಅಂಗಳದ ಇಳಿಜಾರಿಗೆ ತಂದು ನಿಲ್ಲಿಸಿ, ಎಂಜಿನ್ನು ಆರಿಸಿದ ಕೂಡಲೇ ಉದ್ದನೆಯ ಕಡ್ಡಿಯನ್ನು ಎಳೆದು ನೋಡಿದ್ದಳು. ತುದಿಯಲ್ಲಿ ಎರಡು ಗೀಟು. ಎಣ್ಣೆ ಕೆಳಗಿನ ಗೀಟನ್ನೂ ಮುಟ್ಟಿರಲಿಲ್ಲ. ಶೆಡ್ಡಿನಲ್ಲಿದ್ದ ಡಬ್ಬಿ ತಂದು ಸುರಿಯತೊಡಗಿದಾಗ ಪಡಸಾಲೆಯ ಕುರ್ಚಿಯಿಂದ ಮಲ್ಲಣ್ಣ "ಊಂ" ಎಂದ. ಅವಳು ತಿರುಗಲಿಲ್ಲ. ಅವನು ಮತ್ತೆ ಮತ್ತೆ, ಹಿಂದೆಂದೂ ಇಲ್ಲದಷ್ಟು ಜೋರಾಗಿ, ಕುತ್ತಿಗೆಯ ನರ ಬಿಗಿದು ಊಂ ಊಂ ಎಂದ. ನಿಲ್ಲಿಸಿ, ಬೆಡ್‌ಪ್ಯಾನು ಇಟ್ಟು ನೋಡಿದಳು. ಅದಕ್ಕಾಗಿ ಅಲ್ಲ. ಹಾಗಾದರೆ ಕಾರು ಮುಟ್ಟಿದ್ದಕ್ಕೆ ಸಿಟ್ಟು. ಸತ್ತರೂ ಹೋಗದ ಸಿಟ್ಟು ಇದು ಎಂದುಕೊಂಡು, ಅವನಿಗೆ ಬೆನ್ನು ಮಾಡಿ ಉಳಿದದ್ದನ್ನೆಲ್ಲ ಸುರಿದಿದ್ದಳು. ಸುರಿಯುವಾಗ ಅವಳಿಗೆ ಒಂದು ಬಗೆಯ ಸುಖವಾಗಿತ್ತು. ಜೇನಿನ ಬಣ್ಣದ ದಪ್ಪ ಧಾರೆ, ಹಿಂದೆ ಅವನ ಕೂಗು, ಮುಂದೆ ತೆರೆದ ಬಾನೆಟ್ಟು. ಡಬ್ಬಿ ಖಾಲಿಯಾಗುವ ತನಕ ಅವಳು ಆತುರಪಟ್ಟಿರಲಿಲ್ಲ.

ಈಗ ಅದೇ ಕಡ್ಡಿಯನ್ನು ಎಳೆದು, ಸೆರಗಿನ ಒಳತುದಿಗೆ ಒರೆಸಿ, ಇಳಿಸಿ, ಮತ್ತೆ ಎಳೆದಳು. ಎಣ್ಣೆ ಮೇಲಿನ ಗೀಟನ್ನು ದಾಟಿ, ಒಂದು ಬೆರಳಿನಷ್ಟು ಮೇಲೆ, ಸಣ್ಣ ಸಣ್ಣ ಗುಳ್ಳೆಗಳ ನೊರೆಯಾಗಿ ಹತ್ತಿತ್ತು. ಅದನ್ನೇ ನೋಡುತ್ತ ನಿಂತಳು. ಬೆಳಗಿನ ಕೂಗು ಕಿವಿಯಲ್ಲಿ ಇನ್ನೊಂದು ಸಲ ಕೇಳಿತು. ಈಗ ಅದು ಸಿಟ್ಟಿನ ಹಾಗೆ ಕೇಳಲಿಲ್ಲ. ಕಡ್ಡಿಯನ್ನು ಕೈಯಲ್ಲಿ ಹಿಡಿದೇ ಅವನ ಕಿಟಕಿಯ ಹತ್ತಿರ ಬಂದಳು. ಬಾಗಿಲು ತೆರೆದು, ವಾಲಿದ ತಲೆಯನ್ನು ನೆಟ್ಟಗೆ ಮಾಡಿ, ಮುಖದ ಮುಂದೆ ಕಡ್ಡಿಯನ್ನು ಹಿಡಿದಳು.

"ಆಯಿಲ್ ಹೆಚ್ಚಾಗ್ಯಾದೇನ್ರಿ?"

ಮಲ್ಲಣ್ಣ ಕಣ್ಣು ಮುಚ್ಚಿದ. ರೆಪ್ಪೆ ಬಡಿದದ್ದಲ್ಲ, ಮುಚ್ಚಿ, ಒಂದು ಉಸಿರಿನಷ್ಟು ಹಾಗೇ ಹಿಡಿದು, ತೆರೆದ. ಬಿಸಿಲಿಗೆ ಮುಚ್ಚಿರಬೇಕು ಎಂದುಕೊಂಡಳು. ಹಾಗೇ ಆಗಿರಲಿ ಎಂದು ಬೇಡಿಕೊಂಡಳು. ತಾನೇ ಬಿಸಿಲಿಗೆ ಅಡ್ಡ ನಿಂತು, ಬೇಕೆಂದೇ ತಪ್ಪು ಕೇಳಿದಳು.

"ಪೆಟ್ರೋಲ್ ಹೆಚ್ಚಾಗ್ಯಾದೇನು?"

ಕಣ್ಣು ತೆರೆದೇ ಇದ್ದವು. ನೇರ ಅವಳ ಕಣ್ಣಲ್ಲಿ ನೆಟ್ಟಿದ್ದವು.

"ನೀರು?"

ತೆರೆದೇ ಇದ್ದವು.

"ಆಯಿಲ್?"

ಮುಚ್ಚಿದ. ಹಿಡಿದ. ತೆರೆದ.

ದೇವಕ್ಕ ಬಾಗಿಲಿನ ಅಂಚನ್ನು ಹಿಡಿದುಕೊಂಡಳು. ಕಾಲುವೆಯ ಏರಿಯ ಮೇಲೆ ಎಮ್ಮೆಗಳು ಸಾಲಾಗಿ ಹೋಗುತ್ತಿದ್ದವು. ಅವನ್ನು ಎಣಿಸುವವಳ ಹಾಗೆ ಆ ಕಡೆ ನೋಡಿದಳು. ತಲೆಯ ಒಳಗೆ ಬೇರೇನೋ ಒಂದೊಂದಾಗಿ ಹಾದುಹೋಗುತ್ತಿತ್ತು. ಅವನ ಮಂಚದ ಕಾಲಿನ ಬಳಿ ಕೂತು ಕೊಂಕಲ್ಲಿನ ತವರಿಗೆ ಫೋನು ಹಚ್ಚಿ, "ಹೆಣಾ ಕಾಯ್ಕೊಂತ ಕುಂತೀನಿ ಯವ್ವಾ, ಹೂಳಾಕೂ ಬರವಲ್ದು, ಬಿಡಾಕೂ ಬರವಲ್ದು" ಎಂದದ್ದು. ರಂಗಂಪೇಟೆಗೆ ಮಾಡಿದ ಫೋನು, ಅದೂ ಅಲ್ಲೇ. ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ, ಚಳಿಗಾಲದ ಸ್ವೆಟರನ್ನೂ ತುಂಬಿದ್ದು. ಶ್ರಾವಣದಲ್ಲಿ ಸ್ವೆಟರು ಯಾಕೆ ಬೇಕೆಂದು ತಿಳಿಯದವನೇ ಅವನು? ಡ್ರೈವಿಂಗ್ ಕಲಿತು ಬಂದ ಮೊದಲ ದಿನ ಅವನ ಮುಖದ ಹತ್ತಿರ ಕೀಲಿ ಕುಣಿಸಿ, "ಈಗ ನೀವು ಕೆಳಗಿಳೀರಿ, ಬಾಗಲಾ ಮೆಲ್ಲಗ ಹಾಕ್ರಿ" ಎಂದು ತಾನೇ ನಕ್ಕದ್ದು. ಕಂಬಕ್ಕೆ ಒರಗಿ ಕೂತ ಆ ಮಧ್ಯಾಹ್ನ. ಅವನು ಕೂಗುವುದನ್ನು ನಿಲ್ಲಿಸಿದ್ದು ಸುಸ್ತಾಗಿ ಅಲ್ಲ, ಅವಳು ಒಳಗೇ ಇದ್ದಾಳೆ, ಕೇಳುತ್ತಿದ್ದಾಳೆ, ಬರುವುದಿಲ್ಲ ಎಂದು ತಿಳಿದು. ಅವಳು ಅವನನ್ನು ಕಲ್ಲಿನ ಹಾಗೆ ನಡುಮನೆಯಲ್ಲಿಟ್ಟುಕೊಂಡು, ಯಾರೂ ಇಲ್ಲದ ಮನೆಯಲ್ಲಿ ಇರುವ ಹಾಗೆ ಇದ್ದಳು. ಯಾರೋ ಇದ್ದರು. ಎಲ್ಲವನ್ನೂ ನೋಡುತ್ತ, ಕೇಳುತ್ತ ಇದ್ದರು. ಅವಳಿಗೆ ಮೊದಲು ಬಂದದ್ದು ಮರುಕವಲ್ಲ, ನಾಚಿಕೆ. ಬಚ್ಚಲಿನ ಕಿಟಕಿಯಲ್ಲಿ ಯಾರೋ ಇಷ್ಟು ದಿನವೂ ನಿಂತಿದ್ದರೆಂದು ಈಗ ಗೊತ್ತಾದಂಥ ನಾಚಿಕೆ. ಅದರ ಹಿಂದೆಯೇ ಸಿಟ್ಟು ಬಂತು. ತಿಳಿಯುತ್ತಿದ್ದರೆ ಹೇಳಬಾರದಾಗಿತ್ತೇ ಎಂದು ಸಿಟ್ಟು. ಹೇಳಿದ್ದನಲ್ಲ, ತನಗೆ ಗೊತ್ತಿದ್ದ ಒಂದೇ ಅಕ್ಷರದಲ್ಲಿ ಹಗಲೆಲ್ಲ ಹೇಳುತ್ತಲೇ ಇದ್ದನಲ್ಲ ಎನಿಸಿದಾಗ ಆ ಸಿಟ್ಟಿಗೂ ಎಲ್ಲಿ ಹೋಗಬೇಕೋ ತಿಳಿಯಲಿಲ್ಲ.

ಆದರೆ ಕಾರು ನಿಂತಿತ್ತು, ಹೊತ್ತು ಏರುತ್ತಿತ್ತು. ಕೇಳಲು ಬೇರೆ ಯಾವ ಪ್ರಶ್ನೆಯೂ ಧೈರ್ಯಕ್ಕೆ ಬರಲಿಲ್ಲವಾದ್ದರಿಂದ ಅವಳು ಎಣ್ಣೆಯದನ್ನೇ ಕೇಳಿದಳು.

"ಹಂಗೇ ಹೊಡಕೊಂಡು ಹೋದ್ರ ನಡೀತದೇನ್ರಿ?"

ಕಣ್ಣು ತೆರೆದೇ ಇದ್ದವು. ಇಲ್ಲ.

"ತಗೀಬೇಕೇನು? ಕೆಳಗಿಂದ?"

ಮುಚ್ಚಿದ.

"ಈಗಲೇ ತಗೀಲೇನು?"

ಇಲ್ಲ. ಅವಳು ಯೋಚಿಸಿದಳು. "ತಣ್ಣಗಾಗಬೇಕೇನು?" ಹೌದು. ಇನ್ನೂ ಏನೋ ಇತ್ತು. ಅವನ ಕಣ್ಣು ಅವಳನ್ನು ಬಿಟ್ಟು ಮುಂದಿನ ಗಾಜಿನತ್ತ, ದಿಬ್ಬದ ಕಡೆಗೆ ಹೋಗಿ, ಮರಳಿ ಬಂತು, ಮತ್ತೆ ಹೋಯಿತು. ಮೂತಿ ಮೇಲೆ ಮಾಡಿ ನಿಂತಿದ್ದ ಕಾರನ್ನು ಅವಳೂ ನೋಡಿದಳು. ಅಂಗಳದ ಇಳಿಜಾರು ನೆನಪಾಯಿತು. ಅಲ್ಲಿ ಕಡ್ಡಿ ಎಣ್ಣೆಯನ್ನು ಕಡಿಮೆ ತೋರಿಸಿರಬೇಕು. "ಸಪಾಟ ಜಾಗಾಕ್ಕ ಒಯ್ಯಬೇಕೇನ್ರಿ?" ಮುಚ್ಚಿ, ಬಹಳ ಹೊತ್ತು ಹಿಡಿದು, ತೆರೆದ. ಕೊನೆಗೂ ಒಬ್ಬರು ಒಂದು ಮಾತು ಪೂರ್ತಿ ಕೇಳಿಸಿಕೊಂಡರು ಎಂಬ ಹಾಗೆ. ಅವಳು ಗೇರು ಬಿಡಿಸಿ, ಎಂಜಿನ್ನು ಹಚ್ಚದೆ, ಬ್ರೇಕಿನ ಮೇಲೆ ಕಾಲಿಟ್ಟು ಕಾರನ್ನು ಹಿಂದಕ್ಕೆ ಜಾರಿಸಿ ಜಾಲಿಗಿಡದ ಕೆಳಗಿನ ಸಮನಾದ ನೆಲಕ್ಕೆ ತಂದಳು.

ಎಣ್ಣೆ ತಣಿಯುವ ತನಕ ಕಾಯಬೇಕಾಗಿತ್ತು. ಅವರಿಬ್ಬರೂ ಹೀಗೆ ಕಾರಿನಲ್ಲಿ ಸುಮ್ಮನೆ ಕೂತದ್ದು ಎಂದೂ ಇರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ತನಕ ಬಂದು ನಿಂತವು. ನಿನಗೆ ಎಲ್ಲಾ ಕೇಳಿಸಿತೇ? ಎಲ್ಲಿಗೆ ಹೊರಟಿದ್ದೇವೆ ಗೊತ್ತೇ? ಹೌದೋ ಅಲ್ಲವೋ ಎಂಬುದಷ್ಟೇ ಅವನಿಗೆ ಹೇಳಲು ಬರುತ್ತಿದ್ದದ್ದು. ಆ ಎರಡರಲ್ಲಿ ಯಾವುದನ್ನು ಹೇಳಿದರೂ ಅವಳಿಗೆ ತಡೆಯುವಂತಿರಲಿಲ್ಲ. ಬಾಟಲಿಯ ನೀರನ್ನು ಚಮಚದಲ್ಲಿ ಕುಡಿಸಿದಳು. ಸಾಕೇ ಎಂದು ಕೇಳಲಿಲ್ಲ. ಎಂದಿನಂತೆ ತಾನೇ ಸಾಕು ಮಾಡಿದಳು.

ಡಿಕ್ಕಿಯಲ್ಲಿ ನಟ್ಟು ಬಿಚ್ಚುವ ಪಾನಾಗಳ ಚೀಲ ಇತ್ತು. ಎಣ್ಣೆ ಹಿಡಿಯಲು ಏನೂ ಇರಲಿಲ್ಲ. ಕೊನೆಗೆ ಬೆಡ್‌ಪ್ಯಾನನ್ನೇ ತೆಗೆದುಕೊಂಡಳು. ಸೀರೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿ, ಹಳೆಯ ಟವೆಲ್ಲು ಹಾಸಿ, ಅಂಗಾತ ಮಲಗಿ ಕಾರಿನ ಕೆಳಗೆ ತೂರಿದಳು. ಕಲ್ಲು ಬೆನ್ನಿಗೆ ಒತ್ತಿತು. ಇಷ್ಟು ವರ್ಷ ಮೇಲಿನಿಂದ ಹೊಳೆಯುತ್ತಿದ್ದ ಕಾರು ಕೆಳಗಿನಿಂದ ಕೆಸರು, ಜಿಡ್ಡು, ತುಕ್ಕು. ಇಲ್ಲಿಗೆ ಅವನ ಒರೆಸುವ ಬಟ್ಟೆಯೂ ಬಂದಿರಲಿಲ್ಲ. ನಟ್ಟು ಸಿಕ್ಕಿತು. ಎಷ್ಟು ತಿರುವಿದರೂ ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಗೇ ಸಡಿಲಾಗಿ ಎಣ್ಣೆ ಮಣಿಕಟ್ಟಿನ ಮೇಲೆ ಹರಿಯಿತು. ತಣ್ಣಗಾಗಿದೆ ಎಂದುಕೊಂಡದ್ದು ತಣ್ಣಗಾಗಿರಲಿಲ್ಲ. ಅವಳು ಕೂಗಲಿಲ್ಲ. ಪಾನಾ ಬಿಡದೆ, ಎಳೆ ಎಳೆಯಾಗಿ ಇಳಿಯುವಷ್ಟು ಮಾತ್ರ ನಟ್ಟನ್ನು ಬಿಟ್ಟು, ಬೆಡ್‌ಪ್ಯಾನಿನಲ್ಲಿ ಅದು ಬೀಳುವುದನ್ನು ನೋಡುತ್ತ ಮಲಗಿದಳು. ಆಗ ಮೇಲಿನಿಂದ ಕೇಳಿತು, "ಊಂ".

ಸಾಕು ಅನ್ನುತ್ತಿದ್ದಾನೆ! ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. "ಹೂನ್ರಿ, ಬಂದ್ ಮಾಡ್ತೀನಿ" ಎಂದು ಕೆಳಗಿನಿಂದಲೇ ಕೂಗಿ ಹೇಳಿ ನಟ್ಟು ಬಿಗಿಯತೊಡಗಿದಳು. "ಊಂ, ಊಂ." "ಬಿಗೀತೀನ್ರಿ, ಬಿಗೀತೀನಿ." ಗಟ್ಟಿಯಾಗಿ ಬಿಗಿದು, ಮೊಣಕೈ ಊರಿ ಹೊರಗೆ ಬಂದು, ನಗುಮುಖದಿಂದಲೇ ಅವನ ಬಾಗಿಲಿಗೆ ಬಂದಳು. ಅವನ ಪಂಚೆ ಉಚ್ಚೆಯಿಂದ ಒದ್ದೆಯಾಗಿತ್ತು. ಸೀಟಿನಿಂದ ಇಳಿದು ಅವನ ಜೋತುಬಿದ್ದ ಕಾಲಿನ ಬೆರಳುಗಳಿಂದ ಹನಿಯುತ್ತಿತ್ತು. ಮಲ್ಲಣ್ಣ ಅವಳನ್ನು ನೋಡಲಿಲ್ಲ. ಕಾಲುವೆಯ ನೀರನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಅಲ್ಲಾಡುವಂಥದ್ದು ಏನೂ ಉಳಿದಿರಲಿಲ್ಲ, ಆದರೂ ಆ ಮುಖದಲ್ಲಿ ಏನಿದೆಯೆಂದು ಅವಳಿಗೆ ಮೊದಲ ಸಲ ಕಂಡಿತು. ಇಷ್ಟು ತಿಂಗಳು ಅವಳು ಅದನ್ನು ದಿನವೂ ಒರೆಸಿದ್ದಳು.

ಅವನನ್ನು ಒಬ್ಬಳೇ ಎತ್ತಲಾಗಲಿಲ್ಲ. ಮನೆಯಲ್ಲಿ ಪಕ್ಕದ ಶರೀಫಸಾಬ ಬಂದು ಹಿಡಿಯುತ್ತಿದ್ದ. ರಸ್ತೆಯ ಆ ಕಡೆ ನಾಟಿಗೆ ಹೋಗುವ ಹೆಂಗಸರ ಟಂಟಂ ಆಟೋ ನಿಂತಿತು. ಅದರಿಂದ ಒಬ್ಬಳು ಇಳಿದು, ಮೊಣಕಾಲ ತನಕ ಸೀರೆ ಎತ್ತಿ ಕಟ್ಟಿದವಳು, ದಾಟಿ ಬಂದಳು. ಉಳಿದವರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. "ಏ, ಆ ಕಡಿ ನೋಡ್ರೇ" ಎಂದು ಅವರಿಗೆ ಗದರಿ, ಬಂದವಳು ಮಲ್ಲಣ್ಣನ ಕಂಕುಳಲ್ಲಿ ಕೈ ಹಾಕಿದಳು.

"ನೀವು ಬಟ್ಟಿ ಎಳಕೋರಿ. ನಾ ಹಿಡಕೊಂತೀನಿ. ನಮ್ಮತ್ತೀನ ಹಿಂಗೇ ಮಾಡೀನಿ, ನನಗ ರೂಢಿ ಅದ."

ಇಬ್ಬರೂ ಸೇರಿ ಬದಲಿಸಿದರು. ಸೀಟಿನ ಮೇಲೆ ದೇವಕ್ಕ ಅದೇ ಟವೆಲ್ಲನ್ನು ಮಗುಚಿ ಹಾಸಿದಳು. ಹೆಸರು ಕೇಳಿದಾಗ ಬಂದವಳು ಹಣಮಮ್ಮ ಎಂದಳು. ಆಂಧ್ರದವರ ಕ್ಯಾಂಪಿನ ಗದ್ದೆಗೆ ಹೊರಟವರಂತೆ. ಧೋತರವನ್ನು ಮತ್ತೆ ಎದೆಗೆ ಬಿಗಿಯುತ್ತ ಹಣಮಮ್ಮ ಕೇಳಿದಳು.

"ಎಲ್ಲಿಗೆ ಹೊಂಟೀರಿ ಇವ್ರನ್ನ ಕಟಗೊಂಡು?"

"ಯಾದಗಿರಿಗೆ," ಎಂದಳು ದೇವಕ್ಕ. "ದವಾಖಾನಿಗೆ."

ಹಣಮಮ್ಮನ ಕೈ ನಿಂತಿತು. "ಅಯ್ಯ, ಯಾದಗಿರಿ ಹಿಂದುಳೀತಲ್ರಿ! ಇದು ಸುರಪುರದ ಹಾದಿ. ಯಾರಿಗರ ಕೇಳಬಾರದೇನ್ರಿ? ಈ ಜೀವಾನ ಇಟ್ಕೊಂಡು ಹಾದಿ ತಪ್ಪಿದ್ರ ಹೆಂಗ?"

ದೇವಕ್ಕ ಬಾಯಿ ತೆರೆದಳು. ಅವನು ಈಗ ಅವಳನ್ನೇ ನೋಡುತ್ತಿದ್ದ. ಹಣಮಮ್ಮನೂ ನೋಡುತ್ತಿದ್ದಳು.

"ಹಾದಿ ತಪ್ಪಿಲ್ಲ," ಎಂದಳು. "ರಂಗಂಪೇಟಿಗೆ ಹೊಂಟೀವಿ. ಅವ್ರ ಅಕ್ಕನ ಮನಿಗೆ. ಅಲ್ಲೇ ಬಿಟ್ಟು ಬರ್ತೀನಿ."

ಹಣಮಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. ಗಂಟನ್ನು ಎಳೆದು ನೋಡಿ, ಸಡಿಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿದಳು. ಟಂಟಂ ಹೊರಟ ಮೇಲೆ ಅದರೊಳಗಿನಿಂದ ಯಾರೋ ಏನೋ ಕೇಳಿದ್ದು ದೇವಕ್ಕನಿಗೆ ಕೇಳಿತು.

ಇನ್ನು ಕಡ್ಡಿ ನೋಡುವುದಿತ್ತು. ಒರೆಸಿ, ಇಳಿಸಿ, ಎಳೆದಳು. ಇನ್ನೂ ಮೇಲಿನ ಗೀಟಿನ ಮೇಲೆಯೇ ಇತ್ತು. ಅವನಿಗೆ ತೋರಿಸಿದಳು. "ಇನ್ನ ಸ್ವಲ್ಪ?" ಅವನು ಕಣ್ಣು ಮುಚ್ಚಿದ. ಅವಳು ಮತ್ತೆ ಕೆಳಗೆ ತೂರಿದಳು. ಈ ಸಲ ಟವೆಲ್ಲು ಇರಲಿಲ್ಲ. ನಟ್ಟನ್ನು ಸಡಿಲಿಸಿ ಮಲಗಿರುವಾಗ ಒಂದು ಯೋಚನೆ ಬಂತು, ಬಂದು ಕದಲದೆ ಕೂತಿತು. ಶಹಾಪುರದಲ್ಲಿ ತಿರುಗಿದಾಗಲೇ ಅವನಿಗೆ ತಿಳಿದಿತ್ತು. ಇಲ್ಲಿ ಸುಮ್ಮನಿದ್ದುಬಿಟ್ಟಿದ್ದರೆ, ಹಾಗೇ ಹೋಗಬಹುದೇ ಎಂದು ಕೇಳಿದಾಗ ಕಣ್ಣು ಮುಚ್ಚಿದ್ದರೆ ಸಾಕಿತ್ತು. ಸುರಪುರ ಮುಟ್ಟುವ ಮುಂಚೆ ಎಂಜಿನ್ನು ಕೆಟ್ಟು ನಿಲ್ಲುತ್ತಿತ್ತು, ಯಾರದಾದರೂ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮನೆಗೇ ಹೋಗಬೇಕಾಗುತ್ತಿತ್ತು. ಯಾಕೆ ಹೇಳಿಕೊಟ್ಟ? ತನ್ನನ್ನು ಒಯ್ದು ಬಿಡುವ ಗಾಡಿಯನ್ನು ಯಾಕೆ ಸರಿ ಮಾಡಿಸುತ್ತಿದ್ದಾನೆ? ಒಂದು ಉತ್ತರ ಅವಳನ್ನು ಅಲ್ಲೇ, ಕಾರಿನ ಕೆಳಗೇ, ಮುರಿದುಹಾಕುವಂತಿತ್ತು. ಅದರ ಪಕ್ಕದಲ್ಲೇ ಇನ್ನೊಂದು ಉತ್ತರ ಇತ್ತು: ಇದು ನಿನಗಾಗಿ ಅಲ್ಲ, ಎಂಜಿನ್ನಿಗಾಗಿ. ಅವನಿಗೆ ಎಂಜಿನ್ನು ಕೆಡುವುದನ್ನು ನೋಡಲಾಗುವುದಿಲ್ಲ, ಎಂದೂ ಆಗಿಲ್ಲ. ಕೆಂಭಾವಿಯ ರಸ್ತೆಯ ಮೇಲೆ ನಿನ್ನನ್ನು ಇಳಿಸಿ ಹೋದದ್ದೂ ಈ ಗಾಡಿಗಾಗಿಯೇ. ಎರಡನೆಯದನ್ನು ಅವಳು ಹಿಡಿದುಕೊಂಡಳು. ಅದು ನಿಜವೋ ಎಂದು ಅವನನ್ನೇ ಕೇಳಬಹುದಾಗಿತ್ತು. ಕೇಳಲಿಲ್ಲ. ಮೂರನೆಯ ಸಲ ಕಡ್ಡಿ ಎಳೆದಾಗ ಎಣ್ಣೆ ಎರಡು ಗೀಟುಗಳ ನಡುವೆ, ಮೇಲಿನದಕ್ಕೆ ಸ್ವಲ್ಪ ಕೆಳಗೆ, ನೊರೆಯಿಲ್ಲದೆ ನಿಂತಿತ್ತು. ಅವನ ಮುಂದೆ ಹಿಡಿದಳು. ಅವನು ಬಹಳ ಹೊತ್ತು ನೋಡಿ ಕಣ್ಣು ಮುಚ್ಚಿದ. ಬೆಡ್‌ಪ್ಯಾನಿನ ಎಣ್ಣೆಯನ್ನು ಖಾಲಿ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು, ಕಾಲುವೆಗೆ ಇಳಿದು ಕೈ ತೊಳೆದಳು. ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು.

ಕಾರು ಹೊರಟಿತು. ಮೊದಲು ಸ್ವಲ್ಪ ದೂರ ಹೊಗೆ ಬಂತು, ಆಮೇಲೆ ತೆಳ್ಳಗಾಗಿ ನಿಂತಿತು. ಕೆಂಪು ದೀಪ ಹತ್ತಲಿಲ್ಲ. ಸುರಪುರದ ಗುಡ್ಡ ಕಾಣುವ ಮುಂಚೆ ಎರಡು ಸಲ, ರಸ್ತೆ ಅಗಲವಾದಲ್ಲಿ, ಇಲ್ಲಿ ತಿರುಗಿಸಬಹುದು ಎನಿಸಿತು. ತಿರುಗಿಸಿದರೆ ಸಂಜೆ ಮತ್ತೆ ಅದೇ ಪಡಸಾಲೆ, ಅದೇ ಮಂಚ, ಆದರೆ ಇನ್ನು ಮುಂದೆ ಆ ಮಂಚದಿಂದ ಒಬ್ಬ ಮನುಷ್ಯ ತನ್ನನ್ನು ನೋಡುತ್ತಿರುತ್ತಾನೆ. ಕಲ್ಲನ್ನಾದರೂ ಇಟ್ಟುಕೊಂಡು ಇರಬಹುದಾಗಿತ್ತು. ಈ ಕಣ್ಣಿನೊಂದಿಗೆ ಹೇಗೆ ಇರುವುದು? ಹೀಗೆ ಯೋಚಿಸುತ್ತಿದ್ದೇನೆ ಎಂದು ಅವಳಿಗೇ ಅಸಹ್ಯವಾಯಿತು. ಕಾಲು ಮಾತ್ರ ಎಕ್ಸಲರೇಟರಿನ ಮೇಲಿಂದ ಏಳಲಿಲ್ಲ.

ರಂಗಂಪೇಟೆಯಲ್ಲಿ ಗೊಲ್ಲಾಳಮ್ಮನ ಮನೆ ಎತ್ತರದ ಕಟ್ಟೆಯ ಮೇಲಿತ್ತು. ಅವಳ ಇಬ್ಬರು ಮಕ್ಕಳು ಬಂದು ಮಾವನನ್ನು ಎತ್ತಿಕೊಂಡು ಹೋಗಿ ಗಾಳಿ ಬರುವ ಕೋಣೆಯಲ್ಲಿ ಮೊದಲೇ ಹಾಸಿಟ್ಟ ಮಂಚದ ಮೇಲೆ ಮಲಗಿಸಿದರು. ಗೊಲ್ಲಾಳಮ್ಮ ತಮ್ಮನ ತಲೆ ನೇವರಿಸಿ, ಹಣೆಗೆ ವಿಭೂತಿ ಹಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡ ಮೈಯ, ಗಟ್ಟಿ ದನಿಯ ಹೆಂಗಸು. ದೇವಕ್ಕ ಚೀಲ ಇಳಿಸಿ ಒಂದೊಂದನ್ನೇ ತೆಗೆದಿಟ್ಟಳು: ಬಟ್ಟೆ, ಔಷಧ, ಹಾಸುವ ರಬ್ಬರು. ಸ್ವೆಟರನ್ನು ಚೀಲದ ತಳದಲ್ಲೇ ಬಿಟ್ಟಳು. ಯಾವಾಗ ಮಗ್ಗುಲು ಬದಲಿಸಬೇಕು, ಗಂಜಿ ಎಷ್ಟು ತೆಳ್ಳಗಿರಬೇಕು ಎಂದು ಹೇಳಿದಳು. ಹೇಳದೆ ಹೋಗಬಹುದಾದ ಒಂದು ಮಾತು ಉಳಿದಿತ್ತು. ಹೊಸ್ತಿಲ ತನಕ ಬಂದವಳು ನಿಂತಳು.

"ಅಕ್ಕಾ, ಅವ್ರು ಊಂ ಅಂದ್ರ ಕೇಳ್ರಿ. ಹಸದಾರೇನು, ಬಟ್ಟಿ ಬದಲಿ ಮಾಡಬೇಕೇನು, ಬೆನ್ನು ನೋಯಾಕತ್ತಾದೇನು, ಒಂದೊಂದು ಕೇಳಿ ಕಾಯಬೇಕು. ಹೌದಿದ್ರ ಕಣ್ಣು ಮುಚ್ಚತಾರ. ಇಲ್ಲಂದ್ರ ತೆರದೇ ಇರ್ತಾರ."

ಗೊಲ್ಲಾಳಮ್ಮ ತಿರುಗಿದಳು. "ಅಂದ್ರ? ಅವಗ ತಿಳೀತದೇನು?"

"ತಿಳೀತದ."

"ಎಷ್ಟು ತಿಳೀತದ?"

"ಎಲ್ಲಾ ತಿಳೀತದ್ರಿ."

ಗೊಲ್ಲಾಳಮ್ಮ ತಮ್ಮನ ಮುಖವನ್ನು ನೋಡಿ, ಆಮೇಲೆ ದೇವಕ್ಕನನ್ನು, ಎಣ್ಣೆ ಬಳಿದ ಸೀರೆಯನ್ನು, ಸುಟ್ಟ ಮಣಿಕಟ್ಟನ್ನು ನೋಡಿದಳು. ಅವಳ ದನಿ ಜೋರಾಗಲಿಲ್ಲ.

"ತಿಳೀತದ ಅಂತ ಗೊತ್ತಿದ್ದೂ ಬಿಟ್ಟು ಹೊಂಟೀಯೇನು?"

ದೇವಕ್ಕ ಉತ್ತರಕ್ಕಾಗಿ ಒಳಗೆಲ್ಲ ಹುಡುಕಿದಳು. ಬೆನ್ನು, ನಿದ್ದೆ, ವಯಸ್ಸು, ಎಲ್ಲ ಇದ್ದವು. ಎಲ್ಲವೂ ನಿಜವೇ ಆಗಿದ್ದವು. ಬೆಳಿಗ್ಗೆ ಅವುಗಳಿಗೆ ಇದ್ದ ತೂಕ ಈಗ ಇರಲಿಲ್ಲ. "ಅವ್ರನ್ನೇ ಕೇಳ್ತೀನ್ರಿ" ಎಂದಳು. ಮಂಚದ ಹತ್ತಿರ ಹೋಗಿ ಮೊಣಕಾಲೂರಿ ಕೂತು, ಮುಖಕ್ಕೆ ಮುಖ ತಂದಳು. ವಿಭೂತಿಯ ಪುಡಿ ಅವನ ಹುಬ್ಬಿನ ಮೇಲೆ ಉದುರಿತ್ತು.

"ನಾ ಹೋಗಿ ಬರ್ಲೇನ್ರಿ?"

ಮಲ್ಲಣ್ಣನ ಕಣ್ಣು ತೆರೆದೇ ಇದ್ದವು.

ಕೇಳಿ ಕಾಯಬೇಕೆಂದು ಅವಳೇ ಹೇಳಿದ್ದಳು. ಕಾದಳು. ಬೆನ್ನ ಹಿಂದೆ ಗೊಲ್ಲಾಳಮ್ಮನೂ ಕಾಯುತ್ತಿದ್ದಳು. ಕಣ್ಣು ತೆರೆದೇ ಇದ್ದವು, ಅವಳ ಕಣ್ಣನ್ನು ಬಿಟ್ಟು ಆಚೀಚೆ ಕದಲಲಿಲ್ಲ. ಬಿಳಿಭಾಗ ನಿಧಾನವಾಗಿ ಕೆಂಪಾಯಿತು. ಅಂಚಿನಲ್ಲಿ ನೀರು ಕೂಡಿ, ತುಂಬಿ, ಕಿವಿಯ ಕಡೆಗೆ ಇಳಿಯಿತು. ರೆಪ್ಪೆಗಳು ನಡುಗತೊಡಗಿದವು. ಎಷ್ಟು ಹೊತ್ತೆಂದು ಯಾವ ಮನುಷ್ಯನಿಗೂ ಕಣ್ಣು ತೆರೆದಿಟ್ಟುಕೊಂಡಿರಲು ಆಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಅವಳು ಕದಲದೆ ಕಾದಳು. ಕೊನೆಗೆ ರೆಪ್ಪೆಗಳು ಬಿದ್ದವು. ಬಿದ್ದ ಕೂಡಲೇ ಮತ್ತೆ ತೆರೆದವೋ, ಹಾಗೇ ಉಳಿದವೋ ಎಂದು ನೋಡಲು ಅವಳು ನಿಲ್ಲಲಿಲ್ಲ.

"ಹೂಂ ಅಂದ್ರು," ಎಂದು ಹೇಳಿ ದೇವಕ್ಕ ಕಟ್ಟೆ ಇಳಿದಳು.